ಹಂಪು ದಾಟದ ಚೇಳು

ನನ್ನ ಭಾವಮೈದುನನಿಗೆ ಕಾರಿನ ಹುಚ್ಚು. ಓಡಿಸುವುದು ಮಾತ್ರ ಹಳೇ ಸ್ಕೂಟರ್. ಯಾವ ಕಾರಿಗೆ ಎಷ್ಟು ಹಾರ್ಸ್‌ಪವರ್, ಎಷ್ಟು ಟಾರ್ಕ್ ಅಂತ ನಡುರಾತ್ರಿ ಎಬ್ಬಿಸಿ ಕೇಳಿದರೂ ಹೇಳುತ್ತಾನೆ. ಸ್ಕೂಟರಿಗೆ ಎಷ್ಟು ಗಾಳಿ ಹೊಡೆಸಬೇಕು ಅಂದರೆ ತಲೆ ಕೆರೆದುಕೊಳ್ಳುತ್ತಾನೆ.

ಒಂದು ಸೆಕೆಂಡ್ ಹ್ಯಾಂಡ್ ಕಾರು ತಗೋಬೇಕು ಅಂತ ಅವನೆದುರು ಬಾಯಿ ತಪ್ಪಿ ಅಂದೆ. ಭಾನುವಾರ ಬೆಳಿಗ್ಗೆ ಇಬ್ಬರು ಗೆಳೆಯರ ಸಮೇತ ಹಾಜರ್. ಒಬ್ಬ, ಆಟೋಮ್ಯಾಟಿಕ್ ಗೇರಿನ ಪೋಲೋ ಜಿಟಿ ಟಿಎಸ್‌ಐ ಕಾರು ಬಿಟ್ಟು ಬೇರೆ ನೋಡಲೇಬೇಡಿ ಅಂದ. ಇನ್ನೊಬ್ಬನಿಗೆ ಆಟೋಮ್ಯಾಟಿಕ್ ಅಂದರೇ ಆಗದು. "ಗೇರ್ ಕೈಯಲ್ಲೇ ಹಾಕ್ಬೇಕು ಸಾರ್, ಇಲ್ಲಾಂದ್ರೆ ಅದು ಲಿಫ್ಟು." ನನ್ನ ಹೆಂಡತಿ ಮೈಲೇಜ್ ಎಷ್ಟು ಅಂತ ಕೇಳಿದಳು. ಮೂವರೂ ಅವಳನ್ನು ಸಾವಿನ ಮನೆಯಲ್ಲಿ ಹೋಳಿಗೆ ಕೇಳಿದವಳ ಹಾಗೆ ನೋಡಿದರು.

ಕೊನೆಗೆ ಮೂವರೂ ಒಪ್ಪಿದ್ದು ಅಬಾರ್ತ್ ಪುಂಟೋ. 2015ರಲ್ಲಿ ನಮ್ಮಲ್ಲಿಗೆ ಬಂದ, ಚೇಳಿನ ಗುರುತಿನ ಇಟಲಿ ಕಾರು. 1.4 ಲೀಟರ್ ಟರ್ಬೊ, 145 ಹಾರ್ಸ್‌ಪವರ್, ಸೊನ್ನೆಯಿಂದ ನೂರಕ್ಕೆ 8.8 ಸೆಕೆಂಡ್. "ಆಗ ಶೋರೂಮ್ ಬೆಲೆ ಹತ್ತು ಲಕ್ಷದೊಳಗೇ ಇತ್ತು ಭಾವ, ಆದ್ರೂ ಜನ ತಗೊಳ್ಳಲಿಲ್ಲ." ಅತ್ತೇ ಬಿಡುತ್ತಾನೆ ಅನಿಸಿತು. ಹೊಗಳುವವರು ಊರು ತುಂಬ, ಜೇಬಿಗೆ ಕೈ ಹಾಕುವವರು ಇಲ್ಲ. ಇಂಥ ಕಾರುಗಳ ಹಣೆಬರಹವೇ ಇದು.

ಮೈಸೂರಿನ ಕುವೆಂಪುನಗರದಲ್ಲೊಬ್ಬರ ಹತ್ತಿರ ಅಂಥದೊಂದು ಇತ್ತು. ಓಡಿಸಿ ನೋಡೋಣ ಅಂತ ಹೋದೆವು. ಮಾಲೀಕರು ನನ್ನ ಪಕ್ಕ. ಹಿಂದೆ ಅಮ್ಮ, ಹೆಂಡತಿ, ಭಾವಮೈದುನ. ರಿಂಗ್ ರೋಡಿನಲ್ಲಿ ಒಮ್ಮೆ ಆಕ್ಸಿಲರೇಟರ್ ಒತ್ತಿದೆ. ಬೆನ್ನು ಸೀಟಿಗೆ ಅಂಟಿತು. ಅಮ್ಮ "ಕೃಷ್ಣಾ ಕೃಷ್ಣಾ" ಅಂದಳು. ಸುಳ್ಳು ಹೇಳಬಾರದು, ನನಗೆ ಖುಷಿಯಾಯಿತು.

ವಾಪಸ್ ಬರುವಾಗ ಗಲ್ಲಿಯಲ್ಲಿ ಹಂಪು. ರಸ್ತೆ ಇಂಜಿನಿಯರುಗಳ ನಿಯಮದ ಪ್ರಕಾರ ಹಂಪು 10 ಸೆಂಟಿಮೀಟರ್ ಎತ್ತರ ಇರಬೇಕು. ಈ ಹಂಪು ಆ ನಿಯಮ ಓದಿರಲಿಲ್ಲ. ಕಾರಿನ ಹೊಟ್ಟೆಗೂ ನೆಲಕ್ಕೂ ಇರುವುದು 155 ಮಿಲಿಮೀಟರ್. ಒಳಗೆ ಐದು ಜನ, ಬೆಳಿಗ್ಗೆ ತಿಂದ ಮಸಾಲೆದೋಸೆ ಬೇರೆ. ಕರ್ರ್‌ರ್‌ರ್! ಹಲ್ಲು ಕೀಳಿಸಿಕೊಂಡವರ ಹಾಗೆ ಮಾಲೀಕರು ಕಣ್ಣು ಮುಚ್ಚಿದರು.

ಎಳನೀರಿನವನು ಮಚ್ಚು ಕೆಳಗಿಟ್ಟು ಬಂದು ಬಗ್ಗಿ ನೋಡಿದ. "ಜನ ಇಳಿಸಿ ದಾಟಿಸಿ ಸಾರ್." ಎಲ್ಲರೂ ಇಳಿದರು. ಸೀಟಿನಿಂದ ಅಮ್ಮನನ್ನು ಇಬ್ಬರು ಕೈ ಹಿಡಿದು ಮೇಲೆತ್ತಬೇಕಾಯಿತು. ಕಾರನ್ನು ಅಡ್ಡಡ್ಡ ತಿರುಗಿಸಿ ದಾಟಿಸಿದೆ. ಮತ್ತೆ ಎಲ್ಲರೂ ಹತ್ತಿದರು. ಒಟ್ಟು ನಾಲ್ಕು ನಿಮಿಷ. ಐವತ್ತು ಹೆಜ್ಜೆ ಮುಂದೆ ಇನ್ನೊಂದು ಹಂಪು.

"ನಾನು ನಡ್ಕೊಂಡೇ ಹೋಗ್ತೀನಿ, ನೀವು ನಿಧಾನಕ್ಕೆ ಬನ್ನಿ" ಅಂದಳು ಅಮ್ಮ. ಮಾಲೀಕರ ಮನೆ ಮೊದಲು ಮುಟ್ಟಿದ್ದೂ ಅವಳೇ.

ರಾತ್ರಿ ಭಾವಮೈದುನನ ಫೋನು. "ಭಾವ, ಪೋಲೋ ಜಿಟಿಐ ಒಂದು ಮಾರಾಟಕ್ಕಿದೆಯಂತೆ. 2016ರಲ್ಲಿ ಬಂದಿದ್ದು, ಮೂರೇ ಬಾಗಿಲು!"

ಸ್ಪೀಕರಿನಲ್ಲಿ ಕೇಳಿಸಿಕೊಂಡ ಹೆಂಡತಿ, "ಮುಂದೆ ಎರಡು, ಹಿಂದೆ ಅತ್ತೆಗೆ ಒಂದು. ಸಾಕಲ್ವಾ?" ಅಂದಳು.

ಅತ್ತ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ.

"ಅಕ್ಕಾ, ಆ ಮೂರನೇದು ಡಿಕ್ಕಿದು."