ಹುಂಜ ಹೊರಗೆ, ನಾನು ಗೂಡಿನೊಳಗೆ

ಕೋಳಿಗೂಡಿನ ಒಳಗಿನಿಂದ ನೋಡಿದರೆ ಹಿತ್ತಲು ಹೇಗೆ ಕಾಣುತ್ತದೆ ಅಂತ ನಿಮಗೆ ಗೊತ್ತಿರಲಿಕ್ಕಿಲ್ಲ. ನನಗೆ ಗೊತ್ತು. ಜಾಲರಿಯ ಚೌಕ ಚೌಕದಲ್ಲಿ ತುಂಡು ತುಂಡಾಗಿ ಕಾಣುತ್ತದೆ. ಒಂದು ಚೌಕದಲ್ಲಿ ಕೆಂಪು ಜುಟ್ಟು, ಪಕ್ಕದ ಚೌಕದಲ್ಲಿ ನನ್ನನ್ನೇ ನೋಡುತ್ತಿರುವ ಒಂದು ಕಣ್ಣು.

ಆ ಕಣ್ಣಿನವನು ಮರಿಯಾಗಿದ್ದಾಗ ನನ್ನ ಅಂಗೈಯಲ್ಲೇ ನಿದ್ದೆ ಮಾಡುತ್ತಿದ್ದ. ಹೆಗಲ ಮೇಲೆ ಕೂರಿಸಿಕೊಂಡು ಮನೆಯೆಲ್ಲ ತಿರುಗಿಸಿದ್ದೇನೆ. ಹೀಗೆ ಮುದ್ದು ಮಾಡಿ ಸಾಕಿದರೆ ದೊಡ್ಡವನಾದ ಮೇಲೆ ಸಾಧುವಾಗಿರುತ್ತಾನೆ ಅನ್ನೋದು ನನ್ನ ಲೆಕ್ಕ. ಆ ಲೆಕ್ಕವೇ ತಲೆಕೆಳಗು. ಕೈಯಲ್ಲಿ ಬೆಳೆದ ಹುಂಜಕ್ಕೆ ಮನುಷ್ಯರ ಭಯವೇ ಹೋಗಿಬಿಡುತ್ತದೆ. ಭಯ ಹೋದ ಮೇಲೆ ನಾನು ಅವನಿಗೆ ಇನ್ನೊಂದು ಹುಂಜ, ಅಷ್ಟೇ. ಎತ್ತರ ಸ್ವಲ್ಪ ಜಾಸ್ತಿ, ಜುಟ್ಟು ಇಲ್ಲ, ಕೂಗಲು ಬರೋದಿಲ್ಲ.

5 ತಿಂಗಳಾಗುವ ಹೊತ್ತಿಗೆ ಅವನ ವರಸೆ ಬದಲಾಯಿತು. ಒಂದು ರೆಕ್ಕೆಯನ್ನು ನೆಲಕ್ಕೆ ತಾಗುವಷ್ಟು ಇಳಿಬಿಟ್ಟು, ಪಕ್ಕಪಕ್ಕಕ್ಕೆ ಹೆಜ್ಜೆ ಹಾಕುತ್ತ ನನ್ನ ಸುತ್ತ ಅರ್ಧ ಸುತ್ತು ಬರಲು ಶುರು ಮಾಡಿದ. ನನಗೋ ಖುಷಿಯೋ ಖುಷಿ. ಮನೆಯವರನ್ನೆಲ್ಲ ಕರೆದು, ನೋಡಿ ನನಗೋಸ್ಕರ ಕುಣಿಯುತ್ತಿದ್ದಾನೆ ಅಂತ ತೋರಿಸಿದೆ. ವಿಡಿಯೋ ಕೂಡ ಮಾಡಿದೆ. ಹುಂಜಗಳು ಹೇಂಟೆಯನ್ನು ಒಲಿಸಿಕೊಳ್ಳೋದಕ್ಕೂ ಇದೇ ಕುಣಿತ ಕುಣಿಯುತ್ತವೆ, ಎದುರಾಳಿಗೆ ಎಚ್ಚರಿಕೆ ಕೊಡೋದಕ್ಕೂ ಇದೇ ಅಂತ ಆಮೇಲೆ ಗೊತ್ತಾಯಿತು. ಎರಡರಲ್ಲಿ ನಾನು ಯಾವುದು ಅನ್ನೋದು ಬೆನ್ನು ತಿರುಗಿಸಿದ ತಕ್ಷಣ ಗೊತ್ತಾಯಿತು. ಮೀನಖಂಡಕ್ಕೆ ಎರಡೂ ಕಾಲಿನ ಏಟು.

ಆಮೇಲೆ ಎಲ್ಲ ತಪ್ಪುಗಳನ್ನೂ ಕ್ರಮವಾಗಿ ಮಾಡಿದೆ. ಓಡಿದೆ. ಓಡಿದರೆ ಅವನ ಪ್ರಕಾರ ನಾನು ಸೋತೆ, ಹಾಗಾಗಿ ಮಾರನೆಯ ದಿನ ಇನ್ನೂ ಹುರುಪಿನಿಂದ ಬಂದ. ಬೂಟು ಹಾಕಿಕೊಂಡು ಹೋಗಿ ಒದೆಯುವ ಹಾಗೆ ಕಾಲೆತ್ತಿದೆ. ಅದು ಇನ್ನೂ ದೊಡ್ಡ ತಪ್ಪು. ಕುಸ್ತಿಗೆ ಕರೆದ ಹಾಗಾಯಿತು, ಅವನು ಬೂಟಿನ ಜೊತೆಗೇ ಕಾದಾಡಿದ. ಕೊನೆಗೆ ಬಕೆಟ್ಟಿನ ಮುಚ್ಚಳವನ್ನು ಗುರಾಣಿಯಂತೆ ಹಿಡಿದು ಮೊಟ್ಟೆ ತರಲು ಹೋಗತೊಡಗಿದೆ. ಯುದ್ಧಕ್ಕೆ ಹೊರಟ ಹಾಗೆ. ನಾಲ್ಕು ಮೊಟ್ಟೆಗೆ.

ಗೂಡಿನ ಪ್ರಕರಣ ನಡೆದದ್ದು ಮುಚ್ಚಳ ಮರೆತು ಹೋದ ದಿನ. ಕಾಳಿನ ಬಕೆಟ್ ಹಿಡಿದು ಅರ್ಧ ದಾರಿ ಹೋಗಿದ್ದೆ, ಹಿಂದಿನಿಂದ ಪಟಪಟ ಅಂತ ರೆಕ್ಕೆ ಸದ್ದು ಕೇಳಿತು, ಬಕೆಟ್ ಅಲ್ಲೇ ಬಿಸಾಕಿ ತೆರೆದಿದ್ದ ಗೂಡಿಗೆ ನುಗ್ಗಿ ಬಾಗಿಲು ಎಳೆದುಕೊಂಡೆ. ಫೋನು ಮೆಟ್ಟಿಲ ಮೇಲೆ. ಚಿಲಕ ಹೊರಗಡೆ. ಜಾಲರಿಗೆ ಬೆರಳು ಸಿಕ್ಕಿಸಿ ಬಾಗಿಲು ಹಿಡಿದುಕೊಂಡು ಬಗ್ಗಿ ನಿಂತೆ.

ಅವನು ಎರಡು ಸಲ ಗಸ್ತು ತಿರುಗಿದ. ಆಮೇಲೆ ಚೆಲ್ಲಿದ ಕಾಳು ಕಣ್ಣಿಗೆ ಬಿತ್ತು. 'ಟುಕ್ ಟುಕ್ ಟುಕ್' ಅಂತ ಕರೆಯುತ್ತ ಒಂದೊಂದೇ ಕಾಳನ್ನು ಎತ್ತೋದು, ಕೆಳಗೆ ಬಿಡೋದು. ಎಂಟೂ ಹೇಂಟೆಗಳು ಓಡಿ ಬಂದವು. ತಾನು ತಿನ್ನದೆ ಪಕ್ಕದಲ್ಲಿ ನಿಂತು ಅವು ತಿನ್ನೋದನ್ನೇ ನೋಡಿದ. ಹೊತ್ತು ತಂದವಳು ನಾನು, ದಾನಶೂರ ಅವನು!

ಅಷ್ಟರಲ್ಲಿ ಮೇಲೆ ಒಂದು ಹದ್ದು ಹಾದುಹೋಯಿತು. ಅವನ ಗಂಟಲಿನಿಂದ ಒಂದೇ ಒಂದು ಎಳೆದ ಸದ್ದು ಬಂತು. ಹೇಂಟೆಗಳು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಪೊದೆಯ ಕೆಳಗೆ. ಅವನೊಬ್ಬನೇ ಬಯಲಲ್ಲಿ ನಿಂತು, ತಲೆ ಓರೆ ಮಾಡಿ ಆಕಾಶ ನೋಡುತ್ತಿದ್ದ. ಹೇಳೋದಕ್ಕೆ ನಾಚಿಕೆ, ಆ ಸದ್ದಿಗೆ ಗೂಡಿನೊಳಗೆ ನಾನೂ ಕುಕ್ಕರುಗಾಲಲ್ಲಿ ಕೂತುಬಿಟ್ಟಿದ್ದೆ.

ಅಲ್ಲಿಯವರೆಗೆ ಅವನನ್ನು ಸಾಗಹಾಕುವ ಮಾತು ಮನೆಯಲ್ಲಿ ಜೋರಾಗಿತ್ತು. ಹೇಂಟೆ ಮೊಟ್ಟೆ ಇಡೋದಕ್ಕೆ ಹುಂಜವೇನೂ ಬೇಕಿಲ್ಲ, ಮರಿ ಆಗಬೇಕಾದರೆ ಮಾತ್ರ ಬೇಕು, ಹಾಗಾಗಿ ನನ್ನ ಹತ್ತಿರ ಉತ್ತರವೂ ಇರಲಿಲ್ಲ. ಅವತ್ತಿನಿಂದ ಸಿಕ್ಕಿತು.

ಕತ್ತಲಲ್ಲಿ ಕೋಳಿಗೆ ಕಣ್ಣು ಅಷ್ಟಾಗಿ ಕಾಣೋದಿಲ್ಲ. ಹಗಲಿನ ಪೈಲ್ವಾನ ರಾತ್ರಿ ಕೋಲಿನ ಮೇಲೆ ಕೂತ ಹತ್ತಿಯ ಮೂಟೆ. ದಿನಾ ರಾತ್ರಿ ಎತ್ತಿಕೊಂಡು, ರೆಕ್ಕೆ ಅಲ್ಲಾಡದ ಹಾಗೆ ಕಂಕುಳಲ್ಲಿ ಇರುಕಿಸಿ, ಹಿತ್ತಲಲ್ಲಿ ಒಂದು ಸುತ್ತು ಹಾಕಿದೆ. ಆಮೇಲೆ ಧೈರ್ಯ ಮಾಡಿ ಹಗಲಲ್ಲೂ, ಹೇಂಟೆಗಳ ಎದುರಿಗೇ. ಒದೆಯಲಿಲ್ಲ, ಓಡಲಿಲ್ಲ, ಸುಮ್ನೆ ಅವನು ತಣ್ಣಗಾಗುವವರೆಗೆ ಹೊತ್ತುಕೊಂಡು ತಿರುಗಿದೆ. ಅವನಿಗಾದ ಅವಮಾನ ಮುಖದಲ್ಲೇ ಕಾಣುತ್ತಿತ್ತು ಅಂತ ನನಗನ್ನಿಸಿತು, ಹುಂಜದ ಮುಖದಲ್ಲಿ ಏನು ಕಾಣುತ್ತದೋ ದೇವರೇ ಬಲ್ಲ.

ಮೂರು ವಾರಕ್ಕೆ ಒಂದು ಒಪ್ಪಂದಕ್ಕೆ ಬಂದೆವು. ನಾನು ಎದುರಾದರೆ ಅವನು ಏನೋ ಕೆಲಸ ಇರುವವನ ಹಾಗೆ ನೆಲ ಕುಕ್ಕುತ್ತಾನೆ, ಅಲ್ಲಿ ಕಾಳು ಇರೋದಿಲ್ಲ. ನಾನೂ ಏನೋ ಹುಡುಕುವವಳ ಹಾಗೆ ನೆಲ ನೋಡುತ್ತೇನೆ. ಇಬ್ಬರ ಮರ್ಯಾದೆಯೂ ಉಳಿಯುತ್ತದೆ.

ಮೊನ್ನೆ ಹೊಸ ಹಳದಿ ಚಪ್ಪಲಿ ಹಾಕಿಕೊಂಡು ಹಿತ್ತಲಿಗೆ ಇಳಿದೆ. ಒಪ್ಪಂದ ಆಗಿದ್ದು ಹಳೇ ಚಪ್ಪಲಿಯ ಜೊತೆಯಂತೆ. ಎಡಗಾಲಿನದು ಇನ್ನೂ ಗೂಡಿನ ಹತ್ತಿರವೇ ಬಿದ್ದಿದೆ. ಕತ್ತಲಾಗಲಿ ಅಂತ ಕಾಯುತ್ತಿದ್ದೇನೆ.