ಹೊಂಡದಾನ

ಕಂಪೆನಿಗಳಿಗೆ ದಾನಬುದ್ಧಿ ಇಲ್ಲವೆಂದು ಹಳಿಯುವವರು ಪಪುವಾ ನ್ಯೂಗಿನಿಯ ಪಂಗುನಾ ಗಣಿಯ ಕಡೆಗೊಮ್ಮೆ ನೋಡಬೇಕು. ಬೂಗನ್‌ವಿಲ್ ದ್ವೀಪದಲ್ಲಿ 1972ರಿಂದ ತಾಮ್ರ ಅಗೆದು, ನೂರು ಕೋಟಿ ಟನ್ನಿಗೂ ಮಿಕ್ಕ ಗಣಿತ್ಯಾಜ್ಯವನ್ನು ಹೊಳೆಗೆ ಬಿಟ್ಟು, 1989ರಲ್ಲಿ ಮೂಲನಿವಾಸಿಗಳು ದಂಗೆಯೆದ್ದಾಗ ಜಾಗ ಖಾಲಿ ಮಾಡಿದ ಕಂಪೆನಿಯಲ್ಲಿ ದೊಡ್ಡ ಪಾಲು ರಿಯೋ ಟಿಂಟೋ ಎಂಬ ಬಹುರಾಷ್ಟ್ರೀಯ ಗಣಿ ಕಂಪೆನಿಯದ್ದು. 2016ರಲ್ಲಿ ಅದು ತನ್ನ ಶೇ. 53.8ರ ಪಾಲನ್ನು ಬಿಡಿಗಾಸೂ ಪಡೆಯದೆ ಅಲ್ಲಿನ ಸರ್ಕಾರಗಳಿಗೆ ಬಿಟ್ಟುಕೊಟ್ಟಿತು. ಹಾಲು ಬತ್ತಿದ ಹಸುಗಳನ್ನು ದಾನವಿತ್ತ ನಚಿಕೇತನ ತಂದೆಯ ನೆನಪಾಗುತ್ತದೆ. ಆದರೆ ಆ ಬಡ ಹಸುಗಳು ಯಾರ ಹೊಳೆಯನ್ನೂ ಕೆಡಿಸಿರಲಿಲ್ಲ.

ಹೊಂಡ ತೊಳೆಯುವ ಮಾತು ಬಂದಾಗ, ಅಂದಿನ ನಿಯಮಗಳನ್ನೆಲ್ಲ ಪಾಲಿಸಲಾಗಿತ್ತು ಎಂಬ ಉತ್ತರ ರಿಯೋ ಟಿಂಟೋದಿಂದ ಬಂತು. ನಮ್ಮ ಕಾಸರಗೋಡಿನಲ್ಲಿ ಈ ವಾಕ್ಯವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದವರ ಬಾಯಲ್ಲೂ ನಿಯಮವೇ ಇತ್ತು. ಸಂತ್ರಸ್ತರಿಗೆ ತಲಾ 5 ಲಕ್ಷ ಕೊಡಿರೆಂದು ಸುಪ್ರೀಂ ಕೋರ್ಟು ಹೇಳುವಾಗ 2017 ಬಂದಿತ್ತು.

ದೊಡ್ಡ ಕಂಪೆನಿಗಳು ಮೂರು ವರ್ಷಗಳ ಸರಾಸರಿ ಲಾಭದ ಶೇ. 2ನ್ನು ಸಮಾಜಕ್ಕೆಂದು ವೆಚ್ಚಮಾಡಬೇಕೆನ್ನುತ್ತದೆ 2013ರ ಕಂಪೆನಿ ಕಾಯ್ದೆಯ 135ನೇ ಕಲಂ. ಆ ಲಾಭ ಯಾರ ಹೊಳೆಯಿಂದ ಬಂತೆಂದು ಕೇಳುವ ಅಸಭ್ಯತೆ ಆ ಕಲಮಿಗಿಲ್ಲ. ನಮ್ಮೂರ ಕಲ್ಲುಕೋರೆಯ ಧಣಿಗಳಿಗೆ ಈ ಕಾಯ್ದೆ ತಾಗದಿದ್ದರೂ ಭಕ್ತಿಗೆ ಕೊರತೆಯಿಲ್ಲ. ಕೋರೆಯ ಕೆಸರು ಇಳಿದು ತೋಡು ಕೆಂಪಾದ ಮೇಲೆ ಕೊರಗರ ಕಾಲನಿಗೆ ಅವರು ನೀರು ಶುದ್ಧೀಕರಿಸುವ ಯಂತ್ರವೊಂದನ್ನು ಕೊಟ್ಟರು. ಶಾಮಿಯಾನ, ಶಾಲು, ಲಾಡು ಎಲ್ಲವೂ ಇದ್ದವು. ಯಂತ್ರಕ್ಕಿಂತ ಎರಡು ಗೇಣು ಎತ್ತರದ ಫಲಕ ಮಲಯಾಳದಲ್ಲಿ ಮಾತ್ರ ಇದ್ದುದರಿಂದ, ತುಳು ಆಡುವ ಅಜ್ಜಿಯೊಬ್ಬರು ಅದನ್ನು ಯಾರದೋ ಚುನಾವಣೆಯದ್ದೆಂದು ತಿಳಿದು ಕೈಮುಗಿದರು. ತೀರಾ ತಪ್ಪಾಗಿಯೂ ತಿಳಿಯಲಿಲ್ಲವೆನ್ನಿ.

ಪಂಗುನಾದಲ್ಲಿ 156 ಮಂದಿ 2020ರಲ್ಲಿ ಆಸ್ಟ್ರೇಲಿಯದ ಅಧಿಕಾರಿಗಳಿಗೆ ದೂರು ಕೊಟ್ಟ ಮೇಲೆಯೇ ಕಂಪೆನಿ ಗಣಿಯಿಂದಾದ ಹಾನಿಯ ಅಧ್ಯಯನಕ್ಕೆ ಒಪ್ಪಿತು. ಮೊದಲ ಹಂತದ ವರದಿ ಹೊರಬಿದ್ದದ್ದು 2024ರ ಡಿಸೆಂಬರಿನಲ್ಲಿ. ಹೊಳೆಗಿಳಿದರೆ ಕಾಲು ಹುಣ್ಣಾಗುತ್ತದೆಂದು ಅಲ್ಲಿಯವರು ಹೇಳುತ್ತ ಬಂದದ್ದು ಯಾರಿಗೂ ಸಾಕ್ಷಿಯಾಗಲಿಲ್ಲ. ಗಣಿ ನಿಂತು ಮೂವತ್ತೈದು ವರ್ಷ. ಅಷ್ಟರಲ್ಲಿ ಹುಟ್ಟಿದವರಿಗೆ ಮಕ್ಕಳಾಗಿದ್ದಾರೆ, ಅವರೂ ಅದೇ ನೀರಿಗಿಳಿಯುತ್ತಿದ್ದಾರೆ. ಇದರಲ್ಲಿ ನಗೆಯಾಡುವಂಥದ್ದು ಏನೂ ಇಲ್ಲ. ಬರೆದು ಬರೆದು ಸಾಕಾಗಿದೆ.

ಕಾಲನಿಯ ಯಂತ್ರ ನಿಂತು ಒಂದು ಮಳೆಗಾಲ ಕಳೆಯಿತು. ಅದರ ಕರೆಂಟು ಬಿಲ್ಲು ಕಟ್ಟುವುದು ದಾನದಲ್ಲಿ ಸೇರಿರಲಿಲ್ಲವಂತೆ.