ಖಿನ್ನತೆ, ವ್ಯಕ್ತಿತ್ವ ದೋಷ ಮತ್ತು ಹೆಣ್ಣು–ಗಂಡಿನ ಲೆಕ್ಕ: ಒಂದು ಸ್ಪಷ್ಟನೆ

ಮಡಿಕೇರಿ, ವಿರಾಜಪೇಟೆ ಕಡೆಯ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಒಂದು ಸಂದೇಶ ಹರಿದಾಡುತ್ತಿದೆ: ‘ಖಿನ್ನತೆಯಿರುವ ಹೆಂಗಸರಿಗೆ ವ್ಯಕ್ತಿತ್ವ ದೋಷವೂ ಇದ್ದೇ ಇರುತ್ತದೆ, ಗಂಡಸರಿಗೆ ಅದು ಬರುವುದಿಲ್ಲ, ಅವರದು ಬರೀ ಕುಡಿತ.’ ಇದರ ಎರಡು ಭಾಗವೂ ತಪ್ಪು. (ವ್ಯಕ್ತಿತ್ವ ದೋಷವೆಂದರೆ ಯೋಚನೆ, ಭಾವನೆ, ನಡವಳಿಕೆಗಳ ರೀತಿಯೇ ಬದುಕಿಗೂ ಸಂಬಂಧಗಳಿಗೂ ತೊಡಕಾಗುವಂತೆ ಬೇರೂರಿರುವ ಮಾನಸಿಕ ತೊಂದರೆ.)

ಖಿನ್ನತೆ ಗಂಡಸರಿಗಿಂತ ಹೆಂಗಸರಲ್ಲಿ ಸುಮಾರು ಎರಡು ಪಟ್ಟು ಹೆಚ್ಚು ಕಾಣುತ್ತದೆಂಬುದು ನಿಜ. ಆದರೆ ಖಿನ್ನತೆಯಿರುವ ಎಲ್ಲರಿಗೂ ವ್ಯಕ್ತಿತ್ವ ದೋಷವಿರುವುದಿಲ್ಲ; ಇರುವವರಲ್ಲಿ ಹೆಣ್ಣೂ ಉಂಟು, ಗಂಡೂ ಉಂಟು, ವ್ಯತ್ಯಾಸ ಕಾಣುವುದು ಹೆಚ್ಚಾಗಿ ದೋಷದ ಬಗೆಯಲ್ಲಿ. ಇತರರ ಹಕ್ಕು, ಕಟ್ಟುಪಾಡುಗಳನ್ನು ಲೆಕ್ಕಿಸದ ಸಮಾಜವಿರೋಧಿ ಬಗೆ ಗಂಡಸರಲ್ಲಿ ಸ್ಪಷ್ಟವಾಗಿ ಹೆಚ್ಚು. ಬಾರ್ಡರ್‌ಲೈನ್ ಬಗೆಯೆಂದು (ಭಾವನೆ, ಸಂಬಂಧಗಳು ತೀವ್ರವಾಗಿ ಏರುಪೇರಾಗುವ ಬಗೆ) ಗುರುತಿಸಲ್ಪಟ್ಟವರಲ್ಲಿ ನಾಲ್ವರಿಗೆ ಮೂವರು ಹೆಂಗಸರೆಂದು ಅಮೆರಿಕದ ಮನೋವೈದ್ಯರ ಸಂಘದ 2013ರ ಕೈಪಿಡಿಯೇ ಹೇಳಿತ್ತು. ಆದರೆ ಅದೇ ದೇಶದಲ್ಲಿ, ಚಿಕಿತ್ಸೆಗೆ ಬಂದವರನ್ನಷ್ಟೇ ಎಣಿಸದೆ ಜನಸಾಮಾನ್ಯರಲ್ಲಿ 34,653 ಮಂದಿಯನ್ನು ಮಾತನಾಡಿಸಿ 2008ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಈ ಬಗೆ ಕಂಡದ್ದು ಗಂಡಸರಲ್ಲಿ ಶೇ 5.6, ಹೆಂಗಸರಲ್ಲಿ ಶೇ 6.2. ಅಂತರವಿಲ್ಲವೆಂದೇ ಹೇಳಬೇಕು.

ಕಕ್ಕಡ ತಿಂಗಳ ಜಡಿಮಳೆಯಲ್ಲಿ ತೋಟದ ಕೆಲಸ ನಿಂತು, ಗಂಡ ಕತ್ತಲಾಗುವ ಮೊದಲೇ ಬಾಟಲಿ ಹಿಡಿದು ಕೂತು, ಮಾತಿಗೊಮ್ಮೆ ಸಿಡುಕಿದರೆ ‘ಅವನ ಗುಣವೇ ಹಾಗೆ’ ಎನ್ನುತ್ತೇವೆ. ಹೆಂಡತಿ ಒಲೆಯ ಮುಂದೆ ಅತ್ತರೆ ಡಾಕ್ಟರ ಬಳಿಗೆ ಕರೆದೊಯ್ಯುತ್ತೇವೆ. (ಕರೆದೊಯ್ಯುವುದೇನೋ ಒಳ್ಳೆಯದೇ.) ಎಣಿಕೆ ಓರೆಯಾಗಲು ಇಂಥದ್ದೂ ಒಂದು ಕಾರಣವೆಂದು ನನ್ನ ಅನಿಸಿಕೆ.

ಇನ್ನೊಂದು ಮಾತು: ವ್ಯಕ್ತಿತ್ವ ದೋಷವೆನ್ನಲು ಆ ನಡವಳಿಕೆ ಹರೆಯದಿಂದಲೇ ಬಹುಕಾಲ ಬೇರೂರಿರಬೇಕು, ಖಿನ್ನತೆಯ ದಿನಗಳ ಹಟ, ಅಂಜಿಕೆ, ಪರಾವಲಂಬನೆಗಳು ಚಿಕಿತ್ಸೆಯಿಂದ ಇಳಿಯಬಹುದಾದ್ದರಿಂದ ಆಗಲೇ ಹಣೆಪಟ್ಟಿ ಅಂಟಿಸುವುದು ಸಲ್ಲದು. ನೆರವು ಬೇಕಾದ ಹೆಣ್ಣು, ಗಂಡು ಇಬ್ಬರೂ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು.